ಬಡಗಿಯ ಕೈಯ ಉಳಿ: ಒಂದು ಚರಿತ್ರೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಎರಡು ಸಲ ಮನೆ ಬಾಗಿಲಿಗೆ ಬಂದರು. ನಾನು ಓದಿರುವುದು ಎಸ್.ಎಸ್.ಎಲ್.ಸಿ. ತನಕ. ಗೊಬ್ಬರದ ಲೆಕ್ಕ, ಸಾಲ ವಸೂಲಿಯ ಲೆಕ್ಕ ಬರೆದವನೇ ಹೊರತು ಲೇಖನ ಬರೆದವನಲ್ಲ. ತಪ್ಪು ಒಪ್ಪು ಏನಿದ್ದರೂ ಹೊಟ್ಟೆಗೆ ಹಾಕಿಕೊಳ್ಳಬೇಕು.

ಸಂಘ ಹುಟ್ಟಿ ಬೆಳೆದ ಬಗೆಯನ್ನು ಅಧ್ಯಕ್ಷರು ಬರೆಯುತ್ತಿದ್ದಾರೆ. ನಾನು ಸಂಘದ ಕಚೇರಿಯಲ್ಲಿರುವ ಒಂದು ಮೇಜಿನಿಂದ ಶುರು ಮಾಡುತ್ತೇನೆ. ಕಾರ್ಯದರ್ಶಿಗಳು ಕೂರುವ ಹೊನ್ನೆ ಮರದ ಮೇಜನ್ನು ನೀವೆಲ್ಲ ನೋಡಿದ್ದೀರಿ. ಸಂಘ ಶುರುವಾದ ವರ್ಷ ನಮ್ಮೂರ ಬಡಗಿ ಆಚಾರ್ರು ಮಾಡಿಕೊಟ್ಟದ್ದು. ಕಾಲು ಕೂಡಿಸಿರುವ ಕಡೆ ಒಂದು ಮೊಳೆ ಇಲ್ಲ. ಒಂದು ಮರದಲ್ಲಿ ತೂತು ಕೊರೆದು, ಇನ್ನೊಂದರ ತುದಿಯನ್ನು ಕೆತ್ತಿ ಅದರೊಳಕ್ಕೆ ಕೂರಿಸಿದ್ದಾರೆ. ಇಪ್ಪತ್ತೈದು ಮಳೆಗಾಲ ಕಳೆದರೂ ಅದರ ಡ್ರಾಯರು ಒಂದು ಬೆರಳಿಗೆ ಸರಿಯುತ್ತದೆ. ಆಮೇಲೆ ಪೇಟೆಯಿಂದ ತಂದ ಪುಡಿಹಲಗೆಯ ಕೌಂಟರು ಮೂರನೇ ಮಳೆಗಾಲಕ್ಕೇ ಊದಿಕೊಂಡಿತು. ಈಗ ಅದು ಗೋಡೌನಿನ ಮೂಲೆಯಲ್ಲಿ ಇಲಿಗೆ ಮನೆಯಾಗಿದೆ.

ಆಚಾರ್ರು ತೀರಿಕೊಂಡು ಕೆಲವು ವರ್ಷವಾಯಿತು. ಹೋದ ವರ್ಷ ಗುಜರಿಯವನ ಗಾಡಿ ನಮ್ಮ ಬೀದಿಗೆ ಬಂದಿತ್ತು. ಅವನ ತಕ್ಕಡಿಯಲ್ಲಿ ನೋಡುತ್ತೇನೆ, ಆಚಾರ್ರ ಬಾಚಿ, ಉಳಿಗಳು, ತೋಪಡದ ಅಲಗು ಎಲ್ಲ ಮುರುಕಲು ತಗಡಿನ ಜೊತೆ ಬಿದ್ದಿವೆ. ಕಬ್ಬಿಣದ ರೇಟು, ಕೆ.ಜಿ. ಲೆಕ್ಕ. ಮನಸ್ಸು ತಡೆಯಲಿಲ್ಲ. ಎರಡು ಉಳಿ, ಒಂದು ತೋಪಡದ ಅಲಗು ಮತ್ತು ಬಾಚಿಯನ್ನು ದುಡ್ಡು ಕೊಟ್ಟು ಬಿಡಿಸಿಕೊಂಡೆ. ಮನೆಗೆ ತಂದು ಸೀಮೆಎಣ್ಣೆಯಲ್ಲಿ ತುಕ್ಕು ಒರೆಸಿದಾಗ ಒಂದು ಉಳಿಯ ಮೇಲೆ ಸವೆದುಹೋದ ಇಂಗ್ಲಿಷ್ ಅಕ್ಷರ ಕಾಣಿಸಿತು: ‘ಕಾಸ್ಟ್ ಸ್ಟೀಲ್, ಷೆಫೀಲ್ಡ್’. ಇನ್ನೊಂದರ ಮೇಲೆ ಏನೂ ಇರಲಿಲ್ಲ. ಅದು ನಮ್ಮ ಸೀಮೆಯ ಕಮ್ಮಾರರೇ ಬಡಿದದ್ದು.

ಈ ಎರಡು ಉಳಿಗಳ ಹಿಂದೆ ಏನಿದೆ ಎಂದು ತಿಳಿಯುವ ಹಟ ಹಿಡಿಯಿತು. ಹೈಸ್ಕೂಲಿನ ಮೇಷ್ಟ್ರನ್ನು ಕೇಳಿದೆ, ಗ್ರಂಥಾಲಯಕ್ಕೆ ಹೋದೆ, ಮಗಳ ಮೊಬೈಲಿನಲ್ಲಿ ಹುಡುಕಿಸಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಚಾರ್ರ ಪೆಟ್ಟಿಗೆ

ಮೊದಲು ಬಡಗಿಯ ಪೆಟ್ಟಿಗೆಯಲ್ಲಿ ಏನಿರುತ್ತಿತ್ತು ಎಂಬುದನ್ನು ಇಂದಿನ ಮಕ್ಕಳಿಗಾಗಿ ಹೇಳಬೇಕು. ಮರವನ್ನು ಒರಟಾಗಿ ಕೆತ್ತುವುದಕ್ಕೆ ಬಾಚಿ. ಸೀಳುವುದಕ್ಕೂ ತುಂಡರಿಸುವುದಕ್ಕೂ ಬೇರೆ ಬೇರೆ ಗರಗಸ. ತೂತು ಕೊರೆಯಲು ಬೈರಿಗೆ. ಸಂದು ಬಿಡಿಸಲು ಅಗಲ, ಕಿರಿದು ಅಂತ ಐದಾರು ಉಳಿ. ಉಳಿಗೆ ಹೊಡೆಯಲು ಮರದ ಕೊಡತಿ. ಮೈ ನಯ ಮಾಡಲು ತೋಪಡ, ಇದನ್ನು ಹತ್ತರಿ ಎನ್ನುವವರೂ ಉಂಟು. ನೇರ ನೋಡಲು ಮೂಲೆಮಟ್ಟ. ಇವೆಲ್ಲವನ್ನೂ ಬದುಕಿಸಿಕೊಳ್ಳಲು ಒಂದು ಅರ, ಒಂದು ಸಾಣೆಕಲ್ಲು.

ಆಚಾರ್ರು ನೆಲದ ಮೇಲೆ ಕೂತು, ಮರವನ್ನು ಕಾಲಲ್ಲಿ ಅದುಮಿ ಹಿಡಿದು ಕೆಲಸ ಮಾಡುತ್ತಿದ್ದರು. ನಾನು ಹುಡುಗನಾಗಿದ್ದಾಗ ಗಾಡಿಯ ಗುಂಬ ಕೊರೆಯುವುದನ್ನು ನೋಡಲು ಹೋಗಿ ಕೂರುತ್ತಿದ್ದೆ. ಒಂದು ದಿನ ಅವರ ಉಳಿ ತಗೊಂಡು ಮಣ್ಣು ಕೆರೆಯುತ್ತಾ ಇದ್ದೆ. “ಲೋ ಮಗಾ, ನಿಮ್ಮಪ್ಪನ ಎತ್ತಿನ ಕಣ್ಣಿಗೆ ಮಣ್ಣು ಹಾಕ್ತೀಯೇನೋ? ಇದೂ ಹಂಗೇ ಕಣೋ” ಅಂದು ಕಿತ್ತುಕೊಂಡರು. ಹೊಡೆಯಲಿಲ್ಲ. ಆದರೆ ಆ ದಿನ ಅರ್ಧ ಗಂಟೆ ಸಾಣೆಕಲ್ಲಿನ ಮೇಲೆ ಆ ಉಳಿಯನ್ನು ಉಜ್ಜುತ್ತಾ ಕೂತಿದ್ದರು. ಬಾಯಿ ಹರಿತವಾಯಿತೋ ಇಲ್ಲವೋ ಎಂದು ಮುಂಗೈ ಕೂದಲಿನ ಮೇಲೆ ಸವರಿ ನೋಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಗ ಕೂಲಿ ದಿನದ ಲೆಕ್ಕ ಆಗಿರಲಿಲ್ಲ. ನೇಗಿಲು, ನೊಗ, ಕುಂಟೆ, ಕೂರಿಗೆಯನ್ನು ವರ್ಷವಿಡೀ ನೋಡಿಕೊಳ್ಳುವುದು ಅವರ ಪಾಲು. ಸುಗ್ಗಿಯಲ್ಲಿ ಕಣದಲ್ಲಿ ರಾಗಿಯ ಆಯ ಅಳೆಯುವುದು ನಮ್ಮ ಪಾಲು. ಕಮ್ಮಾರರಿಗೂ ಹಾಗೆಯೇ. ಆಯ ಪದ್ಧತಿಯಲ್ಲಿ ಮೇಲು ಕೀಳಿನ ಕೆಡುಕೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಡಗಿಯ ಉಳಿ ಹರಿತವಾಗಿರುವುದು ಊರಿಗೇ ಸೇರಿದ ಮಾತಾಗಿತ್ತು.

ತಾಮ್ರದಿಂದ ಉಕ್ಕಿನವರೆಗೆ

ಉಳಿ ಬಹಳ ಹಳೆಯ ಉಪಕರಣ. ಈಜಿಪ್ಟಿನಲ್ಲಿ ಪಿರಮಿಡ್ಡು ಕಟ್ಟಿದ ಕಾಲದಲ್ಲೇ ಬಡಗಿಗಳು ತಾಮ್ರದ ಉಳಿ, ತಾಮ್ರದ ಗರಗಸ ಇಟ್ಟುಕೊಂಡಿದ್ದರು. ತಾಮ್ರ ಮೆತ್ತಗೆ, ಬೇಗ ಮೊಂಡಾಗುತ್ತದೆ. ಆಮೇಲೆ ಕಂಚು ಬಂತು, ಅದರ ಹಿಂದೆ ಕಬ್ಬಿಣ. ಇಟಲಿಯಲ್ಲಿ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ಪಟ್ಟಣವನ್ನು ಅಗೆದಾಗ ಕಬ್ಬಿಣದ ತಳವಿರುವ ತೋಪಡಗಳು ಸಿಕ್ಕಿವೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಆ ತೋಪಡವನ್ನು ನಮ್ಮ ಆಚಾರ್ರ ಕೈಗೆ ಕೊಟ್ಟಿದ್ದರೆ ಇದೇನು ಅಂತ ಕೇಳುತ್ತಿರಲಿಲ್ಲ, ಮರ ಎಲ್ಲಿ ಅಂತ ಕೇಳುತ್ತಿದ್ದರು.

ಆಕಾರ ಅಷ್ಟು ಹಿಂದೆಯೇ ತೀರ್ಮಾನವಾಗಿತ್ತು. ಉಳಿದದ್ದು ಅಲಗಿನ ಲೋಹದ ಪ್ರಶ್ನೆ. ಬರೀ ಮೆದು ಕಬ್ಬಿಣದ ಬಾಯಿ ಮಡಿಚಿಕೊಳ್ಳುತ್ತದೆ. ಇದ್ದಿಲಿನ ಅಂಶ, ಅಂದರೆ ಕಾರ್ಬನ್, ಅತಿಯಾದ ಬೀಡುಕಬ್ಬಿಣ ಗಾಜಿನ ಹಾಗೆ ಸಿಡಿಯುತ್ತದೆ. ಇವೆರಡರ ನಡುವೆ, ನೂರು ಪಾಲಿಗೆ ಒಂದು ಪಾಲಿನ ಆಸುಪಾಸು ಇದ್ದಿಲಿನ ಅಂಶ ಸೇರಿದರೆ ಅದು ಉಳಿಗೆ ಒಪ್ಪುವ ಉಕ್ಕು. ಆ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ. ಹಾಗೇ ಬಿಟ್ಟರೆ ಸಿಡಿಯುತ್ತದೆ. ಅದಕ್ಕೆ ಮತ್ತೆ ಸಣ್ಣ ಕಾವು ಕೊಟ್ಟು, ಉಜ್ಜಿದ ಮೈ ಮೇಲೆ ಒಣಹುಲ್ಲಿನ ಬಣ್ಣ ಬಂದ ತಕ್ಷಣ ನಿಲ್ಲಿಸಬೇಕು. ಇದನ್ನೇ ನಮ್ಮ ಕಮ್ಮಾರರು ‘ಹದ ಹಾಕೋದು’ ಅನ್ನುವುದು. ಥರ್ಮಾಮೀಟರು ಇಲ್ಲ, ಕಣ್ಣೇ ಅಳತೆ.

ಷೆಫೀಲ್ಡಿನ ಗಡಿಯಾರದವನು

ಈಗ ಮೊದಲನೇ ಉಳಿಯ ಊರು. ಷೆಫೀಲ್ಡ್ ಇಂಗ್ಲೆಂಡಿನ ಒಂದು ಪಟ್ಟಣ, ಹಳೇ ಕಾಲದಿಂದ ಚಾಕು ಕತ್ತರಿಗೆ ಹೆಸರು. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನಿಗೆ ಗಡಿಯಾರದ ಸ್ಪ್ರಿಂಗಿಗೆ ಸರಿಯಾದ ಉಕ್ಕು ಸಿಗುತ್ತಿರಲಿಲ್ಲ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಅವನು 1740ರ ದಶಕದಲ್ಲಿ ಷೆಫೀಲ್ಡಿನ ಹತ್ತಿರ ಇದ್ದುಕೊಂಡು, ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ಯುವ ವಿಧಾನ ಕಂಡುಹಿಡಿದ. ಕರಗಿದ್ದರಿಂದ ಕಿಟ್ಟ ಬೇರೆಯಾಯಿತು, ಇಡೀ ಗಟ್ಟಿ ಒಂದೇ ಹದಕ್ಕೆ ಬಂತು. ಹಳೇ ಉಳಿಗಳ ಮೇಲಿನ ‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆಯ ಅರ್ಥ ಇದೇ.

ತಮಾಷೆ ಏನೆಂದರೆ, ಷೆಫೀಲ್ಡಿನ ಚಾಕು ಮಾಡುವವರು ಮೊದಮೊದಲು ಅವನ ಉಕ್ಕು ಬೇಡ ಅಂದರು. ಬಹಳ ಗಡುಸು, ಬಡಿಯುವುದಕ್ಕೆ ಕಷ್ಟ ಎಂದರು. ಅವನು ಫ್ರಾನ್ಸಿಗೆ ಮಾರಿದ. ಫ್ರೆಂಚರ ಚಾಕು ಬಂದು ಇವರ ವ್ಯಾಪಾರಕ್ಕೆ ಪೆಟ್ಟು ಕೊಟ್ಟ ಮೇಲೆ ಕಣ್ಣು ತೆರೆಯಿತು. ಮುಂದೆ ನೂರು ವರ್ಷದಲ್ಲಿ ಷೆಫೀಲ್ಡಿನ ಉಳಿ, ಗರಗಸ, ತೋಪಡದ ಅಲಗು ಹಡಗು ಹತ್ತಿ ಲೋಕವೆಲ್ಲ ಸುತ್ತಿದವು. ಅಲ್ಲಿ ದೊಡ್ಡ ಕಾರ್ಖಾನೆಗಳ ಜೊತೆಗೇ ಒಂದೊಂದು ಕೋಣೆ ಬಾಡಿಗೆಗೆ ಹಿಡಿದು ಕೆಲಸ ಮಾಡುವ ಸಣ್ಣ ಕಸುಬುದಾರರು ತುಂಬಾ ಇದ್ದರು. ಒಬ್ಬ ಬಡಿಯುವವನು, ಒಬ್ಬ ಸಾಣೆ ಹಿಡಿಯುವವನು, ಒಬ್ಬ ಹಿಡಿ ಹಾಕುವವನು. ಅವರನ್ನು ‘ಲಿಟ್ಲ್ ಮೆಸ್ಟರ್ಸ್’, ಅಂದರೆ ಚಿಕ್ಕ ಯಜಮಾನರು ಎನ್ನುತ್ತಿದ್ದರು.

ನಮ್ಮ ಹಳ್ಳದ ಕರಿಮರಳು

ಇಷ್ಟು ಓದಿದಾಗ ನನಗೆ ಇಂಗ್ಲಿಷರ ಮೇಲೆ ಗೌರವ ಬಂತು. ಆದರೆ ಮೇಷ್ಟ್ರು ಮುಂದೆ ಹೇಳಿದ ಸಂಗತಿ ಕೇಳಿ ಎದ್ದು ಕೂತೆ. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ದಕ್ಷಿಣ ಭಾರತದಲ್ಲಿ ಹಂಟ್ಸ್‌ಮನ್ನನಿಗಿಂತ ಎಷ್ಟೋ ಶತಮಾನ ಮೊದಲೇ ಇತ್ತು! ಅವನು ನಮ್ಮಿಂದ ಕಲಿತ ಎಂದು ನಾನು ಹೇಳುತ್ತಿಲ್ಲ. ಅವನ ದಾರಿ ಅವನದು. ಆದರೆ ದಾರಿ ನಮಗೆ ಮೊದಲೇ ಗೊತ್ತಿತ್ತು.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆ ಸುತ್ತಲು ಹೊರಟ. ಕಂಡದ್ದನ್ನೆಲ್ಲ ಬರೆದಿಟ್ಟ. ಆ ಪುಸ್ತಕ 1807ರಲ್ಲಿ ಅಚ್ಚಾಯಿತು. ನಮ್ಮ ತುಮಕೂರು ಸೀಮೆಯ ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗ, ಹಾಗಲವಾಡಿ ಕಡೆ ಕಬ್ಬಿಣ ಕರಗಿಸುತ್ತಿದ್ದದ್ದು ಅದರಲ್ಲಿದೆ. ಇವುಗಳಲ್ಲಿ ಕೆಲವು ಕಡೆ ಮಳೆಗಾಲದಲ್ಲಿ ಬಂಡೆಗಳಿಂದ ಹಳ್ಳಕ್ಕೆ ಹರಿದುಬರುವ ಕರಿಮರಳೇ ಅದಿರು. ಹಾಳಾದ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಳ್ಳದ ಮರಳಲ್ಲಿ ಎಳೆದು, ಮೀಸೆಯ ಹಾಗೆ ಅಂಟಿಕೊಳ್ಳುವ ಕರಿಮರಳು ನೋಡಿ ನಾವು ಹುಡುಗರು ಕುಣಿಯುತ್ತಿದ್ದೆವಲ್ಲ, ಅದೇ ಮರಳು.

ಉಕ್ಕು ಮಾಡುವ ಬಗೆಯನ್ನೂ ಬುಕಾನನ್ ಬರೆದಿದ್ದಾನೆ. ಸಣ್ಣ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಎರಡು ಹಸಿ ಎಲೆ ಇಟ್ಟು ಬಾಯಿ ಮುಚ್ಚುವುದು. ಅಂಥ ಮೂಸೆಗಳನ್ನು ಇದ್ದಿಲಿನ ಒಲೆಯಲ್ಲಿ ಜೋಡಿಸಿ ತಿದಿ ಒತ್ತುವುದು. ಒಳಗೆ ತಂಗಡಿಯ ಕಡ್ಡಿ ಸುಟ್ಟು ಇದ್ದಿಲಾಗಿ, ಆ ಇದ್ದಿಲಿನ ಅಂಶ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತದೆ. ಕಾಲೇಜು ಓದದ ಜನ ತೂಕ ಹಾಕಿ ಮಾಡುತ್ತಿದ್ದ ರಸಾಯನಶಾಸ್ತ್ರ ಇದು. ಆ ಉಕ್ಕಿನಿಂದ ಕತ್ತಿಯೂ ಆಗುತ್ತಿತ್ತು, ಕಲ್ಲುಕುಟಿಗರ ಉಳಿಯೂ ಆಗುತ್ತಿತ್ತು. ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆದು ವಾದ್ಯಗಳಿಗೆ ದೂರದೂರ ಕಳಿಸುತ್ತಿದ್ದರು.

ಈ ಉಕ್ಕಿನ ಗಟ್ಟಿಗಳು ಲಂಡನ್ನಿಗೂ ಹೋದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದ. ಅದರಲ್ಲಿ ಇದರ ಹೆಸರು ‘ವೂಟ್ಜ್’. ಕನ್ನಡ, ತೆಲುಗಿನ ‘ಉಕ್ಕು’ ಎಂಬ ಮಾತೇ ಅವರ ಬಾಯಲ್ಲಿ ಹೀಗಾಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಜೇಮ್ಸ್ ಸ್ಟೋಡಾರ್ಟ್ ಎಂಬ ಹೆಸರಾಂತ ಚಾಕು ತಯಾರಕ ಇದರಲ್ಲಿ ಅಲಗು ಮಾಡಿ ಮೆಚ್ಚಿಕೊಂಡ. ಮುಂದೆ ವಿದ್ಯುತ್ತಿನ ವಿಷಯದಲ್ಲಿ ಲೋಕಪ್ರಸಿದ್ಧನಾದ ಮೈಕೆಲ್ ಫ್ಯಾರಡೆ, ಇದೇ ಸ್ಟೋಡಾರ್ಟನ ಜೊತೆ 1820ರ ಸುಮಾರಿಗೆ ನಮ್ಮ ಉಕ್ಕಿನ ಗುಟ್ಟು ಹುಡುಕುತ್ತಾ ಪ್ರಯೋಗ ಮಾಡಿದ. ಫ್ಯಾರಡೆ ಒಬ್ಬ ಕಮ್ಮಾರನ ಮಗ!

ಆಮೇಲೆ ಏನಾಯಿತು? ಹಡಗಿನಲ್ಲಿ ಅಗ್ಗದ ಸೀಮೆ ಕಬ್ಬಿಣ ಬಂತು. ಇದ್ದಿಲಿಗೆ ಕಾಡಿನ ಮರ ಸಿಗುವುದು ಕಷ್ಟವಾಯಿತು. 1856ರಲ್ಲಿ ಇಂಗ್ಲೆಂಡಿನ ಬೆಸೆಮರ್ ಟನ್ನುಗಟ್ಟಲೆ ಉಕ್ಕು ಒಮ್ಮೆಗೇ ಮಾಡುವ ವಿಧಾನ ತಂದ. ನಮ್ಮ ಮೂಸೆಯ ಒಲೆಗಳು ಒಂದೊಂದಾಗಿ ಆರಿದವು. ನಮ್ಮ ಹಳ್ಳದಲ್ಲಿ ಕರಿಮರಳು ಹರಿಯುತ್ತಿರುವಾಗಲೇ ನಮ್ಮ ಆಚಾರ್ರ ಪೆಟ್ಟಿಗೆಗೆ ಷೆಫೀಲ್ಡಿನ ಉಳಿ ಬಂತು. ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು, ಸರ್ ಎಂ. ವಿಶ್ವೇಶ್ವರಯ್ಯನವರ ಪರಿಶ್ರಮ ಅದು. ಆದರೆ ಅಷ್ಟರಲ್ಲಿ ಹಳ್ಳಿಯಲ್ಲಿ ಉಕ್ಕು ಮಾಡುವವರ ಕುಲುಮೆ ತಣ್ಣಗಾಗಿತ್ತು.

ಜಪಾನಿನವರು ಏನು ಮಾಡಿದರು

ಕಸುಬು ಹೋಗುವ ಕಾಲ ಬೇರೆ ದೇಶಕ್ಕೂ ಬಂದಿತ್ತು. ಜಪಾನಿನಲ್ಲಿ 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡಬಾರದು ಎಂದು ಸರ್ಕಾರ ಕಾನೂನು ಮಾಡಿತು. ಕತ್ತಿ ಮಾಡುವ ಕಮ್ಮಾರರ ಬಾಯಿಗೆ ಮಣ್ಣು ಬಿತ್ತು. ಅವರಲ್ಲಿ ಹಲವರು ಬಡಗಿಯ ಉಪಕರಣ ಮಾಡುವುದಕ್ಕೆ ತಿರುಗಿದರು. ಕತ್ತಿಗೆ ಹಾಕುತ್ತಿದ್ದ ಹದವನ್ನೇ ಉಳಿಗೂ ತೋಪಡಕ್ಕೂ ಹಾಕಿದರು. ಕತ್ತಿ ಕಮ್ಮಾರರ ಮನೆತನದ ಚಿಯೊಜುರು ಕೊರೆಹಿದೆ (1874–1957) ಎಂಬಾತ ಮಾಡಿದ ತೋಪಡದ ಅಲಗುಗಳನ್ನು ಇವತ್ತಿಗೂ ದೇವರ ವಿಗ್ರಹದ ಹಾಗೆ ಜೋಪಾನ ಮಾಡುತ್ತಾರೆ. ಕೋಬೆ ನಗರದಲ್ಲಿ 1984ರಲ್ಲಿ ಬಡಗಿ ಉಪಕರಣಗಳಿಗೇ ಒಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ.

ಅವರ ಉಳಿಯ ಗುಟ್ಟು ಕೇಳಿದರೆ ನಿಮಗೆ ಹೊಸದೆನಿಸುವುದಿಲ್ಲ. ಮೆದು ಕಬ್ಬಿಣದ ಮೈಗೆ ಗಡುಸು ಉಕ್ಕಿನ ತೆಳು ಪದರವನ್ನು ಕುಲುಮೆಯಲ್ಲಿ ಬೆಸೆದಿರುತ್ತಾರೆ. ಉಕ್ಕು ಹರಿತ ಕೊಡುತ್ತದೆ, ಕಬ್ಬಿಣ ಪೆಟ್ಟು ತಡೆಯುತ್ತದೆ, ಸಾಣೆ ಹಿಡಿಯುವುದಕ್ಕೂ ಸಲೀಸು. ನಮ್ಮ ಕಮ್ಮಾರರು ಕೊಡಲಿಯ ಬಾಯಿಗೆ ಉಕ್ಕು ಕೂಡಿಸುತ್ತಿದ್ದದ್ದೂ ಇದನ್ನೇ ಅಲ್ಲವೇ? ನನ್ನ ಹತ್ತಿರ ಇರುವ ಮುದ್ರೆಯಿಲ್ಲದ ಎರಡನೇ ಉಳಿಯನ್ನು ಬಿಸಿಲಿಗೆ ಹಿಡಿದರೆ ಬಾಯಿಯ ಹತ್ತಿರ ಒಂದು ಗೆರೆ ಕಾಣುತ್ತದೆ. ಅದು ಬೆಸುಗೆಯ ಗೆರೆ. ಎರಡೂ ಉಳಿಯನ್ನು ಸಾಣೆ ಹಿಡಿದು ಜಾಲಿ ಮರದ ಮೇಲೆ ಪರೀಕ್ಷೆ ಮಾಡಿದೆ. ನಮ್ಮ ಕಮ್ಮಾರರ ಉಳಿ ಷೆಫೀಲ್ಡಿಗೆ ಸೋಲಲಿಲ್ಲ.

ಅಮೆರಿಕದಲ್ಲಿ ಇನ್ನೊಂದು ದಾರಿ. ಹೆನ್ರಿ ಡಿಸ್ಟನ್ ಎಂಬ ಇಂಗ್ಲೆಂಡಿನ ಹುಡುಗ ಅಲ್ಲಿಗೆ ವಲಸೆ ಹೋಗಿ, 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಸಣ್ಣದಾಗಿ ಗರಗಸ ಮಾಡಲು ಶುರುಮಾಡಿ, ಲೋಕಕ್ಕೇ ದೊಡ್ಡ ಗರಗಸದ ಕಾರ್ಖಾನೆ ಕಟ್ಟಿದ. ಲಿಯೊನಾರ್ಡ್ ಬೈಲಿ ಎಂಬಾತ ತಿರುಪು ತಿರುಗಿಸಿದರೆ ಅಲಗು ಮೇಲೆ ಕೆಳಗೆ ಆಗುವ ಕಬ್ಬಿಣದ ತೋಪಡ ರೂಪಿಸಿದ. ಅವನ ಪೇಟೆಂಟುಗಳನ್ನು 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡಿತು. ಇವತ್ತು ನಮ್ಮ ಪೇಟೆಯ ಅಂಗಡಿಯಲ್ಲಿ ಸಿಗುವ ಕಬ್ಬಿಣದ ತೋಪಡ ಅದರದ್ದೇ ಮರಿ.

ಮಿಷನ್ನು ಬಂದ ಮೇಲೆ

ಜರ್ಮನಿಯ ಫೈನ್ ಕಂಪನಿ 1895ರಲ್ಲೇ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿತ್ತು. ನಮ್ಮೂರಿಗೆ ಬರುವುದಕ್ಕೆ ನೂರು ವರ್ಷ ಹಿಡಿಯಿತು, ಅಷ್ಟೆ. ಮಿಷನ್ನು ಬೇಡ ಎನ್ನುವ ಮೂರ್ಖ ನಾನಲ್ಲ. ಟ್ರಾಕ್ಟರು ಇಟ್ಟುಕೊಂಡಿರುವವನು ನಾನು. ಹತ್ತು ಆಳಿನ ಕೆಲಸ ಒಂದು ಗಂಟೆಯಲ್ಲಿ ಆಗುವಾಗ ಯಾರು ಬೇಡ ಅಂತಾರೆ? ಆದರೆ ಹಲಗೆ ಸೀಳುವುದು ಬೇರೆ, ಬಾಗಿಲು ಚೌಕಟ್ಟಿಗೆ ಕೂರದಿದ್ದಾಗ ಕೂದಲೆಳೆಯಷ್ಟು ತೆಗೆಯುವುದು ಬೇರೆ. ಕೊನೆಯ ಆ ಕೂದಲೆಳೆಗೆ ಹರಿತವಾದ ತೋಪಡ, ಉಳಿ ಬೇಕೇ ಬೇಕು. ಅಮೆರಿಕದಲ್ಲಿ 1981ರಲ್ಲಿ ಲೀ-ನೀಲ್ಸನ್ ಎಂಬ ಕಂಪನಿ ಹಳೇ ಮಾದರಿಯ ಉತ್ತಮ ತೋಪಡಗಳನ್ನು ಹೊಸದಾಗಿ ಮಾಡುವುದಕ್ಕೇ ಹುಟ್ಟಿಕೊಂಡಿತು. ಕೊಳ್ಳುವವರು ಇದ್ದಾರೆ ಅಂತಲೇ ತಾನೇ?

ನಮ್ಮಲ್ಲಿ ಬಂಡಿ ಹೋಯಿತು, ನೇಗಿಲು ಹೋಯಿತು. ಅವುಗಳ ಹಿಂದೆ ಆಯ ಹೋಯಿತು. ಜಪಾನಿನ ಕಮ್ಮಾರನಿಗೆ ಕತ್ತಿ ಹೋದಾಗ ಉಳಿ ಸಿಕ್ಕಿತು. ನಮ್ಮ ಬಡಗಿಗೆ ನೇಗಿಲು ಹೋದಾಗ ಏನು ಸಿಕ್ಕಿತು?

ಒಂದು ತಪ್ಪೊಪ್ಪಿಗೆ

ಇಲ್ಲಿ ನನ್ನದೇ ಒಂದು ತಪ್ಪು ಬರೆಯಬೇಕು. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ನಾನು ನಿರ್ದೇಶಕನಾದ ಮೊದಲ ವರ್ಷ ಆಚಾರ್ರ ಮಗ ಸಂಘಕ್ಕೆ ಅರ್ಜಿ ಹಾಕಿದ್ದ. ಒಳ್ಳೇ ಉಳಿಗಳ ಒಂದು ಸೆಟ್ಟು, ಎರಡು ತೋಪಡ, ಒಂದು ಮಿಷನ್ ಗರಗಸ ತರುವುದಕ್ಕೆ ಸಾಲ ಕೇಳಿದ್ದ. ದೊಡ್ಡ ಮೊತ್ತವೇನಲ್ಲ. ಪಹಣಿ ಎಲ್ಲಿ ಎಂದು ಕೇಳಿದೆವು. ಜಮೀನಿಲ್ಲದವನು ಪಹಣಿ ಎಲ್ಲಿಂದ ತಂದಾನು? ಆಚಾರ್ರು ಬಂದು ಕಚೇರಿ ಬಾಗಿಲಲ್ಲಿ ನಿಂತು, “ಯಜಮಾನ್ರೇ, ಉಳೀನೇ ನಮ್ಮ ಹೊಲ. ಅದನ್ನೇ ಬರಕೊಳ್ಳಿ” ಅಂದರು. ನಾವೆಲ್ಲ ನಕ್ಕೆವು. ಹೊನ್ನೆ ಮೇಜಿನ ಸುತ್ತ ಕೂತು, ಅದನ್ನು ಮಾಡಿಕೊಟ್ಟವರ ಮುಂದೆಯೇ ನಕ್ಕೆವು. ಅರ್ಜಿ ತಿರಸ್ಕರಿಸಿದ ನಿರ್ಣಯಕ್ಕೆ ನನ್ನ ಸಹಿಯೂ ಇದೆ.

ಅದೇ ಸಭೆಯಲ್ಲಿ ಹಸು ಕೊಳ್ಳಲು, ಮೋಟಾರು ಇಳಿಸಲು ಎಷ್ಟೋ ಸಾಲ ಮಂಜೂರಾದವು. ಕೆಲವು ಇನ್ನೂ ವಸೂಲಾಗಿಲ್ಲ, ಹೆಸರು ಬೇಡ. ಆ ಹುಡುಗ ಬೆಂಗಳೂರಿಗೆ ಹೋಗಿ ಸೆಂಟ್ರಿಂಗ್ ಕೆಲಸಕ್ಕೆ ಸೇರಿದ. ಅಪ್ಪ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಉಳಿಗಳು ತಕ್ಕಡಿಗೆ ಹೋದವು. ಅವನನ್ನು ನಾನು ಯಾವ ಬಾಯಲ್ಲಿ ಬೈಯಲಿ? ಅವನ ಅಪ್ಪನ ಉಳಿಗೆ ಬೆಲೆಯಿಲ್ಲ ಎಂದು ಮೊದಲು ಬರೆದುಕೊಟ್ಟವರು ನಾವೇ.

ಈಗ ಕಾಲ ಸ್ವಲ್ಪ ತಿರುಗಿದೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಆರಂಭಿಸಿತು. ಬಡಗಿ, ಕಮ್ಮಾರ ಸೇರಿ 18 ಕಸುಬುಗಳಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ ತನಕ ನೆರವು, ಆಸ್ತಿ ಅಡಮಾನ ಕೇಳದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿ ಸಾಲ ಅದರಲ್ಲಿ ಸೇರಿದೆ. ಸರ್ಕಾರವೇ ಪಹಣಿ ಕೇಳದೆ ಕೊಡಲು ಮುಂದೆ ಬಂದಾಗ, ಒಂದೇ ಊರಲ್ಲಿ ಹುಟ್ಟಿ ಮುಖ ನೋಡಿ ಗುರುತಿಸುವ ನಾವು ಯಾಕೆ ಹಿಂದೆ ನಿಲ್ಲಬೇಕು?

ಆದ್ದರಿಂದ ಬರುವ ಮಹಾಸಭೆಯಲ್ಲಿ ನಾನು ಒಂದು ವಿಷಯ ಮಂಡಿಸುವವನಿದ್ದೇನೆ. ಬೈಲಾ ನೋಡಿಕೊಂಡು, ಇಬ್ಬರು ಸದಸ್ಯರ ಜಾಮೀನಿನ ಮೇಲೆ ಕಸುಬುದಾರರಿಗೆ ಉಪಕರಣ ಸಾಲ ಕೊಡಬೇಕು. ಮೊದಲ ಅರ್ಜಿಗೆ ಒಂದು ಜಾಮೀನು ಸಹಿ ನನ್ನದು. ಇನ್ನೊಂದು ಸಹಿಗೆ ನಿಮ್ಮಲ್ಲಿ ಯಾರಾದರೂ ಮುಂದೆ ಬರಬೇಕು ಎಂದು ಕೈಮುಗಿದು ಕೇಳುತ್ತೇನೆ. ಆಚಾರ್ರ ಮಗನಿಗೆ ಫೋನು ಮಾಡಿದ್ದೆ. “ನೋಡಾಣ ಬಿಡಣ್ಣ” ಅಂದ. ಇಲ್ಲ ಅನ್ನಲಿಲ್ಲ.

ಗುಜರಿಯವನಿಂದ ಬಿಡಿಸಿದ ಎರಡು ಉಳಿ, ತೋಪಡದ ಅಲಗು, ಬಾಚಿಯನ್ನು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಆ ಹೊನ್ನೆ ಮೇಜಿನ ಬಲಗಡೆ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಪ್ರದರ್ಶನಕ್ಕಲ್ಲ. ಅವನು ಬಂದರೆ ಕೈಗೆ ಕೊಡುವುದಕ್ಕೆ.